ಕೆಂಪು ಪರದೆಗೆ ಹೆದರಬೇಡಿ

ಮಧ್ಯಾಹ್ನದ ಹೊತ್ತು. ಅಮ್ಮ ಮನೆಯಲ್ಲಿ ಒಬ್ಬಳೇ ಇದ್ದಳು. ಮಗಳು ಕಾಲೇಜಿಗೆ ಹೋಗಿದ್ದಳು. ಮಗಳ ಓದಿಗೆಂದು ಮನೆಗೆ ಕಂಪ್ಯೂಟರ್ ಬಂದಿತ್ತು. ಅಮ್ಮನೂ ಅದನ್ನು ಕಲಿಯುತ್ತಿದ್ದಳು. ತನ್ನ ಹೆಸರು ಒತ್ತುತ್ತಿದ್ದಳು. ಸಂಘದ ಲೆಕ್ಕ ಬರೆಯುತ್ತಿದ್ದಳು.

ಅಂದು ರವಿಕೆಯ ಹೊಸ ಮಾದರಿ ನೋಡಲು ಒಂದು ಪುಟ ತೆರೆದಳು. ಥಟ್ಟನೆ ಪರದೆ ಕೆಂಪಾಯಿತು. ಸೈರನ್ ಕೂಗಿತು. ಒಂದು ದನಿ ಇಂಗ್ಲಿಷಿನಲ್ಲಿ ಏನೇನೋ ಹೇಳಿತು. ‘ವೈರಸ್, ವೈರಸ್’ ಎಂಬ ಮಾತು ಮಾತ್ರ ಅಮ್ಮನಿಗೆ ತಿಳಿಯಿತು. ಪುಟ ಮುಚ್ಚುವ ಗುರುತು ಎಲ್ಲೂ ಕಾಣಲಿಲ್ಲ.

“ಅಯ್ಯೋ, ಕೆಡಿಸಿಬಿಟ್ನಲ್ಲಾ! ಮನೆಯವರಿಗೆ ಏನಂತ ಹೇಳಲಿ?”

ಅಮ್ಮನ ಕೈ ನಡುಗಿತು. ಪರದೆಯ ಮೇಲೆ ಒಂದು ಫೋನ್ ನಂಬರ್ ಇತ್ತು. ಅಂಕಿ ಓದಲು ಅಮ್ಮ ಕಲಿತಿದ್ದಳು. ಫೋನ್ ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಬಂದಳು.

“ತಡಿ ತಡಿ! ಆ ನಂಬರಿಗೆ ಫೋನ್ ಮಾಡಬೇಡ. ನಾನು ಹೋದ ವರ್ಷ ಮಾಡಿ ಕೆಟ್ಟೆ.”

“ಏನಾಯ್ತಕ್ಕಾ?”

“ಒಬ್ಬ ಗಂಡಸು ಮಾತಾಡಿದ. ‘ನಾವು ಕಂಪನಿಯವರು, ಸರಿ ಮಾಡ್ತೀವಿ’ ಅಂದ. ಒಂದು ಆ್ಯಪ್ ಹಾಕಿಸಿದ. ಅದರಿಂದ ನನ್ನ ಕಂಪ್ಯೂಟರ್ ಅವನ ಕೈಗೆ ಹೋಯ್ತು. ಬ್ಯಾಂಕಿನ ಪುಟ ತೆಗೆಸಿದ. ಫೋನಿಗೆ ಬಂದ ಓಟಿಪಿ ಕೇಳಿದ. ಹೇಳಿಬಿಟ್ಟೆ. ಹೊಲಿಗೆ ಯಂತ್ರಕ್ಕೆ ಕೂಡಿಟ್ಟ 18,000 ರೂಪಾಯಿ ಹೋಯ್ತು. ನಾಚಿಕೆಯಿಂದ ಮೂರು ದಿನ ಯಾರಿಗೂ ಹೇಳಲಿಲ್ಲ. ಹೇಳಿದಾಗ ತಡವಾಗಿತ್ತು. ದುಡ್ಡು ಸಿಗಲಿಲ್ಲ.”

ಅಮ್ಮ ಫೋನ್ ಕೆಳಗಿಟ್ಟಳು.

ಇದು ಏನು?

ವೈರಸ್ ಎಂದರೆ ಕಂಪ್ಯೂಟರಿಗೆ ಕೇಡು ಮಾಡುವ ಒಂದು ಪ್ರೋಗ್ರಾಂ. ಅದು ನಿಜವಾಗಿಯೂ ಇದೆ. ಆದರೆ ಅಮ್ಮ ನೋಡಿದ್ದು ವೈರಸ್ ಅಲ್ಲ. ಅದು ಬರೀ ಒಂದು ಇಂಟರ್ನೆಟ್ ಪುಟ. ಗೋಡೆಗೆ ಹಚ್ಚಿದ ಭಿತ್ತಿಪತ್ರ ಇದ್ದ ಹಾಗೆ. ಭಿತ್ತಿಪತ್ರದಲ್ಲಿ ‘ನಿಮ್ಮ ಮನೆಗೆ ಬೆಂಕಿ ಬಿದ್ದಿದೆ’ ಎಂದು ಬರೆದರೆ ಮನೆ ಸುಡುವುದಿಲ್ಲ.

ಹಾಗಾದರೆ ಪುಟ ಮುಚ್ಚುವ ಗುರುತು ಎಲ್ಲಿ ಹೋಯಿತು? ಸಿನಿಮಾ ನೋಡುವಾಗ ಚಿತ್ರವನ್ನು ಇಡೀ ಪರದೆಗೆ ಹಿಗ್ಗಿಸುತ್ತೇವೆ. ಈ ಪುಟವೂ ಹಾಗೇ ಹಿಗ್ಗುತ್ತದೆ. ಗುರುತು ಅದರ ಹಿಂದೆ ಅಡಗುತ್ತದೆ. ಕಂಪ್ಯೂಟರ್ ಕೆಟ್ಟಿದೆ ಎಂದು ನಾವು ತಿಳಿಯುತ್ತೇವೆ. ಹೆದರಿದವರು ಯೋಚಿಸುವುದಿಲ್ಲ. ಮೋಸಗಾರರಿಗೆ ಬೇಕಾದದ್ದು ಅದೇ.

ಸುಳ್ಳು ಎಂದು ತಿಳಿಯುವುದು ಹೇಗೆ?

ಮೈಕ್ರೋಸಾಫ್ಟ್ ಕಂಪನಿಯ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ನಂಬರ್ ಕಂಡರೆ ಅದು ಮೋಸ ಎಂದೇ ತಿಳಿಯಿರಿ. ‘ಈಗಲೇ ಮಾಡಿ, ಇಲ್ಲದಿದ್ದರೆ ಎಲ್ಲಾ ಅಳಿಸಿಹೋಗುತ್ತದೆ’ ಎಂದು ಅವಸರ ಮಾಡಿದರೂ ಮೋಸವೇ.

ಆಗ ಏನು ಮಾಡಬೇಕು?

1. ಪುಟದ ಒಳಗಿನ ಯಾವ ಗುಂಡಿಯನ್ನೂ ಒತ್ತಬೇಡಿ. ಶಬ್ದ ಕಡಿಮೆ ಮಾಡಿ.

2. ಕೀಲಿಮಣೆಯ ಎಡ ಮೂಲೆಯಲ್ಲಿ ‘ಎಸ್ಕೇಪ್’ ಕೀಲಿ ಇದೆ. ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಪುಟ ಚಿಕ್ಕದಾದರೆ ಮೇಲಿನ ಬಲ ಮೂಲೆಯ ಗುಣಾಕಾರ ಗುರುತು ಒತ್ತಿ ಮುಚ್ಚಿರಿ.

3. ಆಗಲಿಲ್ಲವೇ? ‘ಆಲ್ಟ್’ ಕೀಲಿ ಒತ್ತಿ ಹಿಡಿದು ‘ಎಫ್ 4’ ಒತ್ತಿರಿ.

4. ಆಗಲೂ ಹೋಗದಿದ್ದರೆ ಕಂಪ್ಯೂಟರಿನ ಪವರ್ ಗುಂಡಿಯನ್ನು ಆರುವ ತನಕ ಒತ್ತಿ ಹಿಡಿಯಿರಿ. ಉಳಿಸದ ಬರಹ ಹೋಗಬಹುದು. ಕಂಪ್ಯೂಟರ್ ಹಾಳಾಗುವುದಿಲ್ಲ.

5. ಮತ್ತೆ ಶುರು ಮಾಡಿದಾಗ ‘ಹಳೆಯ ಪುಟ ತೆರೆಯಲೇ?’ ಎಂದು ಕೇಳಬಹುದು. ಅದಕ್ಕೆ ‘ರಿಸ್ಟೋರ್’ ಒತ್ತಬೇಡಿ.

6. ಸಮಾಧಾನಕ್ಕೆ ಒಮ್ಮೆ ತಪಾಸಣೆ ಮಾಡಿ. ವಿಂಡೋಸ್ 10 ಮತ್ತು 11ರಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ಎಂಬ ಕಾವಲುಗಾರ ಮೊದಲೇ ಇರುತ್ತಾನೆ. ಅದನ್ನು ತೆರೆದು ‘ಕ್ವಿಕ್ ಸ್ಕ್ಯಾನ್’ ಮಾಡಿರಿ. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಮಾತು. ಗೊತ್ತಿಲ್ಲದ ಪುಟ ‘ಅಲೋ’ ಒತ್ತಿ ಎಂದರೆ ಒತ್ತಬೇಡಿ. ಒತ್ತಿದರೆ ಪರದೆಯ ಮೂಲೆಯಲ್ಲಿ ದಿನವೂ ಸುಳ್ಳು ಎಚ್ಚರಿಕೆ ಬರಬಹುದು.

ಈಗಾಗಲೇ ಮೋಸ ಹೋಗಿದ್ದರೆ?

ಮೊದಲು ಇಂಟರ್ನೆಟ್ ತಪ್ಪಿಸಿ. ಬ್ಯಾಂಕಿಗೆ ಫೋನ್ ಮಾಡಿ ಖಾತೆ ತಡೆಹಿಡಿಸಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಇದು ಹಣದ ಮೋಸಕ್ಕೆ ಇರುವ ಸರ್ಕಾರದ ಸಹಾಯವಾಣಿ. ಬೇಗ ಹೇಳಿದರೆ ಹಣ ಕೈ ದಾಟುವ ಮೊದಲೇ ತಡೆಯಲು ಸಾಧ್ಯ. ಮೋಸಗಾರ ಹಾಕಿಸಿದ ಆ್ಯಪ್ ತೆಗೆಸಿ. ಪಾಸ್‌ವರ್ಡನ್ನು ಬೇರೆ ಫೋನಿನಿಂದ ಬದಲಿಸಿ. ಹತ್ತಿರದ ಪೊಲೀಸ್ ಠಾಣೆಯಲ್ಲೂ ದೂರು ಕೊಡಿ.

ನಾಚಿಕೆ ಪಡಬೇಡಿ. ಓದಿದವರೂ ಇದಕ್ಕೆ ಬಿದ್ದಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಸಿಬಿಐ ದೇಶದ 76 ಕಡೆ ಶೋಧ ಮಾಡಿತು. ದೊಡ್ಡ ಕಂಪನಿಯ ಹೆಸರು ಹೇಳಿ ಹೊರದೇಶದವರನ್ನು ವಂಚಿಸುತ್ತಿದ್ದ ಕಾಲ್ ಸೆಂಟರುಗಳು ಆಗ ಬಯಲಾದವು. ತಪ್ಪು ಮೋಸ ಮಾಡಿದವನದು. ಮೋಸ ಹೋದವಳದಲ್ಲ.

ಅಮ್ಮ ಎಸ್ಕೇಪ್ ಕೀಲಿ ಒತ್ತಿ ಹಿಡಿದಳು. ಪರದೆ ಚಿಕ್ಕದಾಯಿತು. ಗುಣಾಕಾರ ಗುರುತು ಕಂಡಿತು. ಒತ್ತಿದಳು. ಸೈರನ್ ನಿಂತಿತು. ಸಂಘದ ಲೆಕ್ಕ ಹಾಗೇ ಇತ್ತು.

“ಇಷ್ಟೇನಾ ಅಕ್ಕಾ?”

“ಇಷ್ಟೇ. ನನಗೆ ಅಂದು ಹೇಳೋರಿರಲಿಲ್ಲ. ನಾಳೆ ಸಂಘದಲ್ಲಿ ಎಲ್ಲರಿಗೂ ಹೇಳೋಣ.”

ನೆನಪಿಡಿ

ಹೆದರಬೇಡಿ. ಫೋನ್ ಮಾಡಬೇಡಿ. ಓಟಿಪಿ ಹೇಳಬೇಡಿ. ಮೋಸವಾದರೆ ಮುಚ್ಚಿಡಬೇಡಿ.

ಅಭ್ಯಾಸ

1. ಅಮ್ಮ ಏಕೆ ಹೆದರಿದಳು?
2. ಅಕ್ಕನ ಹಣ ಏಕೆ ಸಿಗಲಿಲ್ಲ?
3. ಸುಳ್ಳು ಎಚ್ಚರಿಕೆಯ ಎರಡು ಗುರುತು ಬರೆಯಿರಿ.
4. ಈ ಅಂಕಿಯನ್ನು ಮೂರು ಸಲ ಬರೆಯಿರಿ. ಮನೆಯ ಗೋಡೆಯ ಮೇಲೂ ಬರೆದಿಡಿ: 1930.