ಮೈದಾನದಿಂದ ನ್ಯಾಯಪೀಠಕ್ಕೆ: ಆಲನ್ ಪೇಜ್



ಈ ಸಲದ ಪಾಠಕ್ಕೆ ನಾವು ಅಮೆರಿಕದ ಒಬ್ಬ ಆಟಗಾರರ ಜೀವನವನ್ನು ಆರಿಸಿಕೊಂಡಿದ್ದೇವೆ. ಆಟದ ಸುದ್ದಿಗೆ ದಿನಪತ್ರಿಕೆಗಳಿವೆ, ವಾಚನಾಲಯದ ಪತ್ರಿಕೆಯಲ್ಲಿ ಅದೇಕೆ ಎಂದು ಕೆಲವರು ಕೇಳಬಹುದು. ಹದಿನೈದು ವರ್ಷ ಮೈಬಲದಿಂದ ಅನ್ನ ಸಂಪಾದಿಸಿದ ಒಬ್ಬರು ಕೆಲಸದ ನಡುವೆಯೇ ಓದಿ, ತಮ್ಮ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದ ಸಂಗತಿ ಇದು. ಪಾಳಿ ಮುಗಿಸಿ ಬಂದು ಪುಸ್ತಕ ತೆರೆಯುವ ನಮ್ಮಂಥವರು ಇದನ್ನು ತಿಳಿದಿರಬೇಕು.

ಆಟದ ಪರಿಚಯ

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟ ನಾವು ಕಂಡ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರದ್ದು, ಹೆಚ್ಚಾಗಿ ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ಮೈದಾನದ ಉದ್ದ 100 ಗಜ. ಪ್ರತಿ ಪಕ್ಷಕ್ಕೆ 11 ಜನ. ಚೆಂಡು ಹಿಡಿದ ಪಕ್ಷಕ್ಕೆ ನಾಲ್ಕು ಅವಕಾಶಗಳುಂಟು. ಅಷ್ಟರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಗಳ ಪಾಲಾಗುತ್ತದೆ. ಆದ್ದರಿಂದ ಒಂದು ತಂಡ ಮುನ್ನುಗ್ಗುವುದಕ್ಕೆ ಬೇರೆ ಆಳುಗಳನ್ನೂ ತಡೆಯುವುದಕ್ಕೆ ಬೇರೆ ಆಳುಗಳನ್ನೂ ಇಟ್ಟಿರುತ್ತದೆ. ತಡೆಯುವವರ ಮೊದಲ ಸಾಲಿನ ನಡುಭಾಗದಲ್ಲಿ ನಿಲ್ಲುವವನಿಗೆ ಡಿಫೆನ್ಸಿವ್ ಟ್ಯಾಕಲ್ ಎಂದು ಹೆಸರು. ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಗೆರೆ ಮುಟ್ಟಗೊಡದೆ ಹಿಡಿಯುವವರಂತೆ ಇವನ ಕೆಲಸ. ವ್ಯತ್ಯಾಸವೆಂದರೆ, ತನಗಿಂತ ತೂಕದ ಇಬ್ಬರು ತನ್ನನ್ನು ತಳ್ಳುತ್ತಿರುವಾಗಲೇ ಅವರನ್ನು ದಾಟಿ ಹೋಗಿ ಹಿಡಿಯಬೇಕು. ಅಂಕ ಗಳಿಸಿದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಇವನ ಹೆಸರು ಬರುವುದು ಅಪರೂಪ.

ಬಾಲ್ಯ ಮತ್ತು ಶಿಕ್ಷಣ

ಆಲನ್ ಪೇಜ್ ಹುಟ್ಟಿದ್ದು 1945ರ ಆಗಸ್ಟ್ 7ರಂದು, ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ. ಅದು ಉಕ್ಕಿನ ಕಾರಖಾನೆಗಳ ಊರು. ಅವರದು ಕರಿಯರ ಮನೆತನ. 1954ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕರಿಯ ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರೆ ಬೇರೆ ಸರಕಾರಿ ಶಾಲೆಗಳಲ್ಲಿ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಾಗ ಅವರಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ವಕೀಲನಾಗಬೇಕೆಂಬ ಆಸೆ ಅವರಲ್ಲಿ ಎಳೆತನದಲ್ಲಿಯೇ ಬೇರೂರಿತ್ತು.

ಆಟದಲ್ಲಿ ಚುರುಕಾಗಿದ್ದುದರಿಂದ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಪ್ರವೇಶ ದೊರೆಯಿತು. 1966ರಲ್ಲಿ ಆ ವಿಶ್ವವಿದ್ಯಾಲಯದ ತಂಡ ರಾಷ್ಟ್ರದ ಮೊದಲ ಸ್ಥಾನ ಪಡೆಯಿತು. 1967ರಲ್ಲಿ ಪದವಿ ಪಡೆದು, ಅದೇ ವರ್ಷ ಪೇಜ್ ಮಿನೆಸೋಟಾ ವೈಕಿಂಗ್ಸ್ ಎಂಬ ವೃತ್ತಿಪರ ತಂಡವನ್ನು ಸೇರಿದರು.

ಆಟವೇ ಕಸುಬು

ಆರು ಅಡಿ ನಾಲ್ಕು ಅಂಗುಲ ಎತ್ತರ, ಸುಮಾರು 245 ಪೌಂಡು ತೂಕದ ಆಳು. ನಮಗೆ ಇದು ಭೀಮಕಾಯವೆನಿಸಿದರೂ ಆ ಸ್ಥಾನಕ್ಕೆ ಹಗುರವೇ ಸರಿ. ತೂಕದ ಕೊರತೆಯನ್ನು ಅವರು ವೇಗದಿಂದ ತುಂಬಿಕೊಂಡರು. ಚೆಂಡು ಅಲುಗಿದ ಕ್ಷಣದಲ್ಲಿಯೇ ಎದುರಾಳಿಗಳ ಸಾಲನ್ನು ಸೀಳಿಕೊಂಡು ಹೋಗುತ್ತಿದ್ದರು. ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸೆನ್ ಮತ್ತು ಪೇಜ್, ಈ ನಾಲ್ವರ ಸಾಲಿಗೆ ಜನರು ಅಂಗಿಯ ಬಣ್ಣ ನೋಡಿ 'ನೇರಳೆ ನರಭಕ್ಷಕರು' ಎಂಬರ್ಥದ ಅಡ್ಡಹೆಸರಿಟ್ಟಿದ್ದರು.

1971ರಲ್ಲಿ ಇಡೀ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರನೆಂಬ ಗೌರವ ಅವರಿಗೆ ಬಂದಿತು. ಅಸೋಸಿಯೇಟೆಡ್ ಪ್ರೆಸ್ ಕೊಡುವ ಆ ಪುರಸ್ಕಾರ ತಡೆಯುವ ಪಕ್ಷದ ಆಟಗಾರನೊಬ್ಬನಿಗೆ ದೊರೆತದ್ದು ಅದೇ ಮೊದಲು. ಆದರೆ ಜಯಮಾಲೆ ಮಾತ್ರ ಅವರ ಕೊರಳಿಗೆ ಬೀಳಲಿಲ್ಲ. 1970, 1974, 1975 ಮತ್ತು 1977ರ ಜನವರಿಗಳಲ್ಲಿ ವೈಕಿಂಗ್ಸ್ ತಂಡ ನಾಲ್ಕು ಬಾರಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನು ಮುಟ್ಟಿ, ನಾಲ್ಕು ಬಾರಿಯೂ ಸೋತಿತು. ಕಸುಬಿನ ಗುರುತಾಗಿ ಪೇಜ್ ಅವರ ಎಡಗೈ ಕಿರುಬೆರಳು ಹೊರಕ್ಕೆ ಅಡ್ಡವಾಗಿ ತಿರುಗಿ ನಿಂತಿತು. 2013ರಲ್ಲಿ ಮಗಳು ಕೇಮಿಯವರೊಡನೆ ಅವರು ಬರೆದ ಮೊದಲ ಮಕ್ಕಳ ಪುಸ್ತಕಕ್ಕೆ ಈ ಸೊಟ್ಟ ಬೆರಳೇ ವಿಷಯ.

ಸಂಘದ ಕೆಲಸ

ಆಟಗಾರರಿಗೂ ಕೆಲಸಗಾರರ ಸಂಘವಿದೆ ಎಂಬುದನ್ನು ನಮ್ಮಲ್ಲಿ ಹಲವರು ಕೇಳಿರಲಾರರು. ಆ ಕಾಲದಲ್ಲಿ ಅಲ್ಲಿ ಒಂದು ವಿಚಿತ್ರ ನಿಯಮವಿತ್ತು. ಕರಾರಿನ ಅವಧಿ ಮುಗಿಸಿದ ಆಟಗಾರ ಬೇರೆ ತಂಡಕ್ಕೆ ಹೋದರೆ, ಹೊಸ ಮಾಲೀಕ ಹಳೆಯ ಮಾಲೀಕನಿಗೆ ಪರಿಹಾರ ಕೊಡಬೇಕು. ಎಷ್ಟೆಂಬುದನ್ನು ಲೀಗಿನ ಮುಖ್ಯಾಧಿಕಾರಿ ಗೊತ್ತುಮಾಡುವನು. ಏನು ತೆರಬೇಕಾದೀತೋ ಎಂಬ ಅಂಜಿಕೆಯಿಂದ ಯಾರೂ ಅಂಥ ಆಟಗಾರನನ್ನು ಕರೆಯುತ್ತಿರಲಿಲ್ಲ. ಕರಾರು ಮುಗಿದರೂ ಕಟ್ಟು ಬಿಚ್ಚಲಿಲ್ಲವೆಂದಂತಾಯಿತು. 1974ರಲ್ಲಿ ಆಟಗಾರರು ಮುಷ್ಕರ ಹೂಡಿದಾಗ ಈ ನಿಯಮವೂ ಒಂದು ಕಾರಣವಾಗಿತ್ತು. ಪೇಜ್ ತಮ್ಮ ತಂಡದ ಪ್ರತಿನಿಧಿಯಾಗಿಯೂ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರಾಗಿಯೂ ದುಡಿದರು. ಮುಷ್ಕರ ಫಲಿಸಲಿಲ್ಲ. ಆದರೆ ಜಾನ್ ಮ್ಯಾಕಿ ಎಂಬ ಆಟಗಾರರ ಹೆಸರಿನಲ್ಲಿ ನಡೆದ ದಾವೆಯಲ್ಲಿ 1976ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ನಿಯಮ ಕಾನೂನಿಗೆ ವಿರುದ್ಧವೆಂದು ಹೇಳಿತು. ಬೀದಿಯಲ್ಲಿ ಸಿಗದುದು ಕಟಕಟೆಯಲ್ಲಿ ಸಿಕ್ಕಿತು.

ಕೆಲಸದ ಜೊತೆ ಓದು

ಕಾನೂನು ಓದುವ ಪ್ರಯತ್ನವನ್ನು ಪೇಜ್ ಮೊದಲೊಮ್ಮೆ ಮಾಡಿ, ಕೆಲವೇ ವಾರಗಳಲ್ಲಿ ಕೈಬಿಟ್ಟಿದ್ದರು. ಈ ಮಾತನ್ನು ವಾಚಕರು ಮರೆಯಬಾರದು. ರಾತ್ರಿಶಾಲೆಗೆ ಹೆಸರು ಹಚ್ಚಿ ಒಂದು ತಿಂಗಳಲ್ಲಿ ಬಿಟ್ಟವರು, ಇನ್ನು ನಮ್ಮಿಂದಾಗದು ಎಂದು ತಿಳಿಯುವುದುಂಟು. ಪೇಜ್ ಹಾಗೆ ತಿಳಿಯಲಿಲ್ಲ. 1975ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಮತ್ತೆ ಹೆಸರು ಹಚ್ಚಿದರು. ಆಟವನ್ನು ಬಿಡದೆ ಓದಿ 1978ರಲ್ಲಿ ಕಾನೂನು ಪದವಿ ಪಡೆದರು.

ಅದೇ ವರ್ಷ ಒಂದು ಪೆಟ್ಟೂ ಬಿತ್ತು. ದೂರ ಓಡುವ ಅಭ್ಯಾಸದಿಂದ ಅವರ ತೂಕ ಇಳಿದಿತ್ತು. ಹಿಂದಿನ ಕಸುವಿಲ್ಲವೆಂದು ವೈಕಿಂಗ್ಸ್ ತಂಡ ಅವರನ್ನು ನಡುಋತುವಿನಲ್ಲಿ ಬಿಟ್ಟುಕೊಟ್ಟಿತು. ಏಳು ವರ್ಷದ ಹಿಂದೆ ಲೀಗಿಗೇ ಶ್ರೇಷ್ಠರೆನಿಸಿದ್ದವರನ್ನು ಚಿಕಾಗೊ ಬೇರ್ಸ್ ತಂಡ ಬರಿಯ 100 ಡಾಲರ್ ಶುಲ್ಕ ತೆತ್ತು ತೆಗೆದುಕೊಂಡಿತು. ತೋಳಿನ ಬೆಲೆ ಹೀಗೆ ಇಳಿಯುತ್ತದೆ. ಪೇಜ್ ಚಿಕಾಗೊದಲ್ಲಿ 1981ರವರೆಗೆ ಆಡಿದರು. ಹದಿನೈದು ಋತುಗಳಲ್ಲಿ ಒಂದು ಪಂದ್ಯವನ್ನೂ ತಪ್ಪಿಸದೆ ಸತತವಾಗಿ 218 ಪಂದ್ಯಗಳನ್ನಾಡಿದ ದಾಖಲೆ ಅವರದು. 1979ರಲ್ಲಿ 26 ಮೈಲುಗಳ ಮ್ಯಾರಥಾನ್ ಓಟವನ್ನೂ ಮುಗಿಸಿದರು.

ನ್ಯಾಯಪೀಠ

ಆಟ ಬಿಟ್ಟ ಮರುದಿನ ಏನು ಮಾಡಲಿ ಎಂದು ಅವರು ತಲೆಯ ಮೇಲೆ ಕೈಹೊತ್ತು ಕೂರಬೇಕಾಗಲಿಲ್ಲ. ವಕೀಲಿ ಆಗಲೇ ಆರಂಭವಾಗಿತ್ತು. 1985ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಸೇರಿದರು. ಮಿನೆಸೋಟಾದಲ್ಲಿ ನ್ಯಾಯಮೂರ್ತಿಗಳನ್ನು ಜನರು ಮತ ಹಾಕಿ ಆರಿಸುತ್ತಾರೆ. 1992ರಲ್ಲಿ ರಾಜ್ಯಪಾಲರು ಒಬ್ಬ ನ್ಯಾಯಮೂರ್ತಿಯ ಅವಧಿಯನ್ನು ಮುಂದುವರಿಸಿದ್ದರಿಂದ ಆ ಸ್ಥಾನಕ್ಕೆ ಚುನಾವಣೆಯೇ ನಡೆಯದಂತಾಯಿತು. ಪೇಜ್ ದಾವೆ ಹೂಡಿ, ಗೆದ್ದು, ಚುನಾವಣೆ ನಡೆಯುವಂತೆ ಮಾಡಿದರು; ಚುನಾವಣೆಯನ್ನೂ ಗೆದ್ದರು. 1993ರ ಜನವರಿಯಲ್ಲಿ ಆ ನ್ಯಾಯಾಲಯದ ಮೊದಲ ಕರಿಯ ನ್ಯಾಯಮೂರ್ತಿಯಾದರು. 1998, 2004 ಮತ್ತು 2010ರಲ್ಲಿ ಮರಳಿ ಆಯ್ಕೆಯಾಗಿ, ಎಪ್ಪತ್ತು ತುಂಬಿದ 2015ರಲ್ಲಿ ನಿಯಮದಂತೆ ನಿವೃತ್ತರಾದರು. 2018ರಲ್ಲಿ ರಾಷ್ಟ್ರಾಧ್ಯಕ್ಷರಿಂದ ಸ್ವಾತಂತ್ರ್ಯ ಪದಕ ದೊರೆಯಿತು.

ಕ್ಯಾಂಟನ್ನಿನ ಭಾಷಣ

ಈಗ ಪಾಠದ ಮುಖ್ಯ ಭಾಗ. ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರ ಇರುವುದು ಪೇಜ್ ಅವರ ಹುಟ್ಟೂರಾದ ಕ್ಯಾಂಟನ್ನಿನಲ್ಲಿಯೇ. 1963ರಲ್ಲಿ ತೆರೆದ ಆ ಕಟ್ಟಡ ಏಳುತ್ತಿದ್ದಾಗ ಹುಡುಗ ಪೇಜ್ ಅಲ್ಲಿ ಕೂಲಿಕೆಲಸ ಮಾಡಿದ್ದರು. 1988ರಲ್ಲಿ ಅದೇ ಮಂದಿರದಲ್ಲಿ ಅವರ ಪ್ರತಿಮೆಯನ್ನು ಇರಿಸಿದರು. ಅಂದು ಸಭೆಗೆ ತಮ್ಮ ಪರಿಚಯ ಹೇಳಲು ಅವರು ಕರೆದದ್ದು ಮಿನಿಯಾಪೊಲಿಸ್ ನಗರದ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯನ್ನು.

ಭಾಷಣದಲ್ಲಿ ಅವರು ಗೆದ್ದ ಪಂದ್ಯಗಳನ್ನು ಎಣಿಸಲಿಲ್ಲ, ಓದಿನ ಮಾತನ್ನಾಡಿದರು. ತಂಡದ ಸಭೆಯೊಂದರಲ್ಲಿ ಆಟದ ತಂತ್ರಗಳ ಪುಸ್ತಕವನ್ನು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಬೇಕಾಗಿ ಬಂತಂತೆ. ಅವರ ಜೊತೆಯ ಆಟಗಾರರಲ್ಲಿ ಕೆಲವರಿಗೆ ಅದನ್ನು ಓದಲಾಗಲಿಲ್ಲ. ಶಾಲೆಯಿಂದ ಕಾಲೇಜಿನವರೆಗೆ ಎಲ್ಲರೂ ಅವರ ಆಟವನ್ನು ನೋಡಿ ಮುಂದಕ್ಕೆ ದಾಟಿಸಿದ್ದರು. ಅಕ್ಷರ ಬಂದಿದೆಯೇ ಎಂದು ಯಾರೂ ವಿಚಾರಿಸಿರಲಿಲ್ಲ. ಮೈಬಲ ಇರುವತನಕ ಚಪ್ಪಾಳೆ ಬಂತು. ಅದು ಇಳಿದ ದಿನ ಆ ಜನ ಯಾವ ಕಾಗದವನ್ನು ಓದಿ ಸಹಿ ಮಾಡಬೇಕು?

ಅದೇ ವರ್ಷ ಪೇಜ್ ಮತ್ತು ಅವರ ಪತ್ನಿ ಡಯೇನ್ ವಿದ್ಯಾರ್ಥಿವೇತನದ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಹಣ ಪಡೆದ ವಿದ್ಯಾರ್ಥಿಗೆ ಒಂದು ಷರತ್ತು: ತನಗಿಂತ ಚಿಕ್ಕ ಮಕ್ಕಳ ಓದಿಗೆ ಆತ ನೆರವಾಗಬೇಕು. ಪಡೆದುದನ್ನು ಹಿಂದಕ್ಕೆ ಕೊಡುವ ಬದಲು ಮುಂದಕ್ಕೆ ಕೊಡುವ ಈ ಪದ್ಧತಿ ಹಣವಿಲ್ಲದವರೂ ನಡೆಸಬಹುದಾದದ್ದು.

ವಾಚಕರು ವಿಚಾರಿಸಬೇಕಾದ ಪ್ರಶ್ನೆಗಳು

1. ಒಮ್ಮೆ ಬಿಟ್ಟ ಓದನ್ನು ಪೇಜ್ ಮತ್ತೆ ಹಿಡಿದರು. ನಾವು ಬಿಟ್ಟ ಓದು ಯಾವುದು? ಅದನ್ನು ಹಿಡಿಯಲು ವಾರಕ್ಕೆ ಎಷ್ಟು ಗಂಟೆ ಸಿಕ್ಕೀತು?

2. ಆಟಗಾರರ ನಿಯಮ ಮುರಿದುಬಿದ್ದದ್ದು ನ್ಯಾಯಾಲಯದಲ್ಲಿ. ನಮ್ಮ ನೌಕರಿಯ ಕರಾರಿನ ಕಾಗದವನ್ನು ನಾವು ಪೂರ್ತಿ ಓದಿದ್ದೇವೆಯೆ?

3. ನಮ್ಮ ಖೋಲಿಯಲ್ಲಿ ಊರಿನ ಪತ್ರವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವವರು ಯಾರಾದರೂ ಇದ್ದಾರೆಯೆ? ಇದ್ದರೆ ಅವರನ್ನು ಒಂದು ಸಂಜೆ ವಾಚನಾಲಯಕ್ಕೆ ಕರೆದುಕೊಂಡು ಬನ್ನಿರಿ. ಪಾಟಿ, ಬಳಪ ನಾವು ಕೊಡುತ್ತೇವೆ.