ಹಾಲು ಬೇಗ ಕೆಡದಿರಲು: ಸಾಲಗುಂದದ ಬಿಸಿಲಿಗೆ ಒಗ್ಗುವ ಹನ್ನೊಂದು ಸೂತ್ರ

ಏಪ್ರಿಲ್ ಬಂತೆಂದರೆ ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಊರುಗಳಲ್ಲಿ ಮಧ್ಯಾಹ್ನದ ಬಿಸಿ 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಆರಕ್ಕೆ ಹಿಂಡಿದ ಎಮ್ಮೆ ಹಾಲು ಹನ್ನೊಂದಕ್ಕೆ ಒಲೆಯ ಮೇಲೆ ಒಡೆದರೆ ಮನೆಯವರು ಬಿಸಿಲನ್ನು ಬೈಯುತ್ತಾರೆ, ಹೋಟೆಲಿನವರು ಹಾಲು ತಂದವರನ್ನು ಬೈಯುತ್ತಾರೆ. ಬಿಸಿಲಿನ ಪಾಲು ಅರ್ಧ ಮಾತ್ರ. ಕೆಚ್ಚಲಿನಿಂದ ಹಾಲು ಹೊರಬರುವಾಗಲೇ ಸುಮಾರು 38 ಡಿಗ್ರಿ ಬಿಸಿ ಇರುತ್ತದೆ. ಬ್ಯಾಕ್ಟೀರಿಯಾ ಬೆಳೆಯಲು ಅದು ಹೇಳಿ ಮಾಡಿಸಿದ ಬಿಸಿ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತ ಹೋದರೆ ಸಾವಿರ ಇದ್ದದ್ದು ಐದೇ ಗಂಟೆಯಲ್ಲಿ ಹತ್ತು ಲಕ್ಷ ದಾಟುತ್ತದೆ. ಅವು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಬಿಡುತ್ತವೆ, ಹುಳಿ ಹೆಚ್ಚಿದಂತೆ ಹಾಲು ಒಡೆಯುತ್ತದೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ: ಹಿಂಡುವಾಗ ಹಾಲಿಗೆ ಎಷ್ಟು ಕೊಳೆ ಬಿತ್ತು? ಹಿಂಡಿದ ಮೇಲೆ ಅದು ಎಷ್ಟು ಹೊತ್ತು ಬೆಚ್ಚಗೇ ಉಳಿಯಿತು?

1. ಕೆಚ್ಚಲು ತೊಳೆಯಿರಿ, ಒರೆಸಿದ ಮೇಲೆಯೇ ಹಿಂಡಿರಿ.
ತುಂಗಭದ್ರಾ ಎಡದಂಡೆ ನಾಲೆಯ ಈ ಸೀಮೆಯಲ್ಲಿ ಎಮ್ಮೆಗಳಿಗೆ ಕಾಲುವೆ, ಹೊಂಡ, ಗದ್ದೆಯ ಕೆಸರು ಎಲ್ಲವೂ ಹತ್ತಿರ. ಬಿಸಿಲಿಗೆ ಅವು ಕೆಸರಿನಲ್ಲಿ ಹೊರಳಾಡುವುದು ಅವುಗಳ ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಆ ಕೆಸರು ಕೆಚ್ಚಲಿಗೆ ಅಂಟಿಕೊಂಡೇ ಕೊಟ್ಟಿಗೆಗೆ ಬರುತ್ತದೆ. ಬರೀ ನೀರು ಚಿಮುಕಿಸಿ ಹಿಂಡಲು ಕೂತರೆ ಕೊಳೆ ನೀರು ತೊಟ್ಟಿನಗುಂಟ ಇಳಿದು ಪಾತ್ರೆಗೇ ಬೀಳುತ್ತದೆ. ಅದಕ್ಕಿಂತ ತೊಳೆಯದಿರುವುದೇ ವಾಸಿ. ತೊಳೆದು, ಶುಭ್ರ ಬಟ್ಟೆಯಿಂದ ಒಣಗುವಂತೆ ಒರೆಸಿ. ಒಂದೊಂದು ತೊಟ್ಟಿನ ಮೊದಲ ಎರಡು ಮೂರು ಪಿಚಕಾರಿ ಹಾಲನ್ನು ಬೇರೆ ಬಟ್ಟಲಿಗೆ ಹಿಂಡಿ ಚೆಲ್ಲಿಬಿಡಿ, ತೊಟ್ಟಿನ ತುದಿಯಲ್ಲಿ ಕೂತ ಬ್ಯಾಕ್ಟೀರಿಯಾ ಅದರೊಂದಿಗೇ ಹೋಗುತ್ತದೆ. ಬೆರಳನ್ನು ಹಾಲಿನಲ್ಲಿ ಅದ್ದಿ ಅದ್ದಿ ಹಿಂಡುವ ರೂಢಿಯನ್ನು ಇಂದೇ ಬಿಡಿ.

2. ಹಿಂಡುವಾಗ ಒಣಹುಲ್ಲು ಹಾಕಬೇಡಿ.
ಭತ್ತದ ಹುಲ್ಲು ಕೊಡವಿದಾಗ ಏಳುವ ಧೂಳಿನಲ್ಲಿ ಕುದಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳಿರುತ್ತವೆ. ಎಮ್ಮೆ ಸುಮ್ಮನೆ ನಿಲ್ಲಬೇಕೆಂದರೆ ನೆನೆಸಿದ ಹಿಂಡಿ ಇಡಿ, ಹುಲ್ಲು ಆಮೇಲೆ.

3. ಪಾತ್ರೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಕಣ್ಣಿಡಿ.
ನನ್ನನ್ನು ಕೇಳಿದರೆ ಕೆಟ್ಟ ಹಾಲಿನ ದೊಡ್ಡ ಪಾಲು ಕೆಡುವುದು ಪಾತ್ರೆಯಿಂದಲೇ. ಎಣ್ಣೆಯ ಹಳೆಯ ಪ್ಲಾಸ್ಟಿಕ್ ಕ್ಯಾನುಗಳು ಅಗ್ಗ, ಹಗುರ, ಬೈಕಿಗೆ ಕಟ್ಟಲು ಸಲೀಸು. ಆದರೆ ಅವುಗಳ ಬಾಯೊಳಗೆ ಕೈ ಹೋಗುವುದಿಲ್ಲ, ಒಳಗೋಡೆಯ ಗೀರುಗಳಲ್ಲಿ ನಿನ್ನೆಯ ಹಾಲು ಉಳಿದಿರುತ್ತದೆ. ಇವತ್ತಿನ ಹಾಲು ಅದಕ್ಕೆ ತಾಗಿದ ಕೂಡಲೇ ಹೆಪ್ಪು ಹಾಕಿದಂತೆಯೇ ಆಯಿತು. ಅಗಲ ಬಾಯಿಯ ಸ್ಟೀಲ್ ಅಥವಾ ಅಲ್ಯೂಮಿನಿಯಂ ಕ್ಯಾನಿಗೆ ಒಮ್ಮೆ ಹಾಕಿದ ದುಡ್ಡು ವರ್ಷಗಟ್ಟಲೆ ಬಾಳುತ್ತದೆ.

ತೊಳೆಯುವುದಕ್ಕೂ ಒಂದು ಕ್ರಮವಿದೆ. ಮೊದಲು ತಣ್ಣೀರು. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಅಂಶ ಗಟ್ಟಿಯಾಗಿ ಪಾತ್ರೆಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಸಿನೀರಿನಲ್ಲಿ ಸೋಪಿನ ಪುಡಿ ಕಲಸಿ, ಬ್ರಷ್ಷಿನಿಂದ ಮೂಲೆ, ಅಂಚು, ಮುಚ್ಚಳ, ರಬ್ಬರು ಎಲ್ಲ ಉಜ್ಜಿ. ಚೆನ್ನಾಗಿ ಜಾಲಿಸಿ, ಕೊನೆಗೆ ಕುದಿಯುವ ನೀರು ಹಾಕಿ. ಬಟ್ಟೆಯಿಂದ ಒರೆಸದೆ, ನೆಲಕ್ಕೆ ತಾಗದಂತೆ ಎತ್ತರದಲ್ಲಿ ಬೋರಲು ಹಾಕಿ ಬಿಸಿಲಿಗೆ ಒಣಗಲು ಬಿಡಿ. ಹಾಲು ಕೆಡಿಸುವ ಅದೇ ರಾಯಚೂರು ಬಿಸಿಲು ಪಾತ್ರೆಯನ್ನು ಖರ್ಚಿಲ್ಲದೆ ಶುದ್ಧ ಮಾಡಿಕೊಡುತ್ತದೆ. ಸೋಸುವ ಬಟ್ಟೆಗೂ ಇದೇ ನಿಯಮ. ಬಟ್ಟೆ ಕೂದಲು, ಕಸ ತಡೆಯುತ್ತದೆ, ಬ್ಯಾಕ್ಟೀರಿಯಾವನ್ನಲ್ಲ. ದಿನವೂ ಕುದಿಸಿ ಒಣಗಿಸದ ಬಟ್ಟೆಯಲ್ಲಿ ಸೋಸಿದರೆ ಹಾಲು ಇನ್ನಷ್ಟು ಕೆಡುತ್ತದೆ.

4. ಗಿಣ್ಣದ ಹಾಲು, ಬಾವು ಬಂದ ಕೆಚ್ಚಲಿನ ಹಾಲು ಬೇರೆಯೇ ಇರಲಿ.
ಈದ ಮೊದಲ ನಾಲ್ಕೈದು ದಿನದ ಹಾಲು ಬಿಸಿ ತಾಗಿದರೆ ಗಟ್ಟಿಯಾಗುತ್ತದೆ. ಅದು ಕೆಟ್ಟದ್ದಲ್ಲ, ಅದರ ಗುಣವೇ ಹಾಗೆ. ಕರುವಿಗೆ ಬೇಕಾದಷ್ಟು ಕುಡಿಸಿ, ಮಿಕ್ಕದ್ದರಲ್ಲಿ ಗಿಣ್ಣ ಮಾಡಿ. ಕೆಚ್ಚಲು ಬಾವಿನ ಹಾಲು ಮಾತ್ರ ನಿಜಕ್ಕೂ ಅಪಾಯ. ಉಪ್ಪುಪ್ಪು ರುಚಿ, ಸಣ್ಣ ಗಂಟು, ಕೆಲವೊಮ್ಮೆ ರಕ್ತದ ಎಳೆ ಕಂಡರೆ ಅದೇ. ಒಂದು ತೊಟ್ಟಿನ ಹಾಲು ಇಡೀ ಕ್ಯಾನು ಕೆಡಿಸುತ್ತದೆ. ಪಶುವೈದ್ಯರು ಮದ್ದು ಕೊಟ್ಟರೆ ಎಷ್ಟು ದಿನ ಹಾಲು ಮಾರಬಾರದೆಂದು ಕೇಳಿ, ಅಷ್ಟೂ ದಿನ ನಿಲ್ಲಿಸಿ. ಮದ್ದಿನ ಅಂಶವಿರುವ ಹಾಲು ಸರಿಯಾಗಿ ಹೆಪ್ಪೂ ಆಗುವುದಿಲ್ಲ.

5. ಮೊದಲ ಎರಡು ಗಂಟೆಯನ್ನು ವ್ಯರ್ಥ ಮಾಡಬೇಡಿ.
ಆಗತಾನೇ ಹಿಂಡಿದ ಹಾಲಿಗೆ ತನ್ನದೇ ಕಾವಲಿದೆ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಕಿಣ್ವಗಳು ಅದರಲ್ಲಿವೆ. ಸೆಕೆ ಹೆಚ್ಚಿದಷ್ಟೂ ಆ ಕಾವಲು ಬೇಗ ಸೋಲುತ್ತದೆ. ಡೇರಿಗೆ ಹಾಕುವವರು ಅಷ್ಟರೊಳಗೆ ಮುಟ್ಟಿಸಬೇಕು. ರಾಯಚೂರು, ಬಳ್ಳಾರಿ, ಕೊಪ್ಪಳ ಸೀಮೆಯ ಸಂಘಗಳ ಹಾಲು ಬಳ್ಳಾರಿಯಲ್ಲಿ ಮುಖ್ಯ ಕಚೇರಿಯಿರುವ ಒಕ್ಕೂಟಕ್ಕೆ ಸೇರುತ್ತದೆ. ಶೀತಲ ಘಟಕದ ತೊಟ್ಟಿ ಹಾಲನ್ನು 4 ಡಿಗ್ರಿಗೆ ಇಳಿಸಿ ಬೆಳವಣಿಗೆಗೆ ತಡೆ ಹಾಕುತ್ತದೆ, ಆದರೆ ಆಗಲೇ ಬೆಳೆದದ್ದನ್ನು ಕೊಲ್ಲುವುದಿಲ್ಲ. ತಡವಾಗಿ ಬಂದ ಒಂದು ಕ್ಯಾನು ಊರವರೆಲ್ಲರ ಹಾಲಿನ ಗುಣ ಇಳಿಸುತ್ತದೆ, ಹಾಗಾಗಿ ಸಂಘದವರು ವಾಪಸ್ ಕಳಿಸಿದರೆ ಸಿಟ್ಟಾಗಬೇಡಿ.

6. ಮನೆಯಲ್ಲೇ ತಂಪು ಮಾಡಿ.
ಅಗಲ ಬೋಗುಣಿಯಲ್ಲಿ ನೀರು ತುಂಬಿ, ಹಾಲಿನ ಪಾತ್ರೆಯನ್ನು ಅದರೊಳಗೆ ಇಡಿ. ನೀರಿನ ಮಟ್ಟ ಹಾಲಿನ ಮಟ್ಟದಷ್ಟಿರಲಿ. ಶುಭ್ರ ಸೌಟಿನಿಂದ ಆಗಾಗ ಕಲಕಿ, ನೀರು ಬೆಚ್ಚಗಾದರೆ ಬದಲಿಸಿ. ಆಮೇಲೆ ಪಾತ್ರೆಗೆ ಒದ್ದೆ ಗೋಣಿಚೀಲ ಸುತ್ತಿ ಗಾಳಿಯಾಡುವ ನೆರಳಲ್ಲಿಡಿ. ನೀರು ಆರುವಾಗ ಪಾತ್ರೆಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ, ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹೀಗೆಯೇ. ಮಾರ್ಚ್, ಏಪ್ರಿಲ್‌ನ ಒಣಗಾಳಿಯಲ್ಲಿ ಈ ಉಪಾಯ ಹೊರಗಿನ ಬಿಸಿಗಿಂತ ಹತ್ತು ಡಿಗ್ರಿಯಷ್ಟು ಇಳಿಸಬಲ್ಲದು. ಮಳೆಗಾಲದಲ್ಲಿ, ಸುತ್ತಲೂ ಗದ್ದೆಗೆ ನೀರು ನಿಂತ ದಿನಗಳಲ್ಲಿ ಗಾಳಿಯೇ ತೇವವಾಗಿರುವುದರಿಂದ ಅಷ್ಟು ಕೆಲಸ ಮಾಡದು. ಆಗ ಒಲೆಯನ್ನೇ ನೆಚ್ಚಿಕೊಳ್ಳಿ. ಹಾಲಿಗೆ ನೇರವಾಗಿ ಐಸ್ ಹಾಕುವುದಂತೂ ಬೇಡ. ಅದು ಯಾವ ನೀರಿನ ಐಸೋ ಯಾರಿಗೆ ಗೊತ್ತು.

7. ಸೌಟಿನಲ್ಲಿ ಕುದಿಸಿ ನೋಡಿ, ಆಮೇಲೆ ಬೆರೆಸಿ.
ನಾಲಿಗೆಗೆ ಹುಳಿ ಅನಿಸದ ಹಾಲೂ ಒಲೆಯ ಮೇಲೆ ಒಡೆಯುತ್ತದೆ. ತಣ್ಣಗಿರುವಾಗ ಗಟ್ಟಿಯಾಗಲು ಬಹಳ ಹುಳಿ ಬೇಕು, ಕುದಿಯುವಾಗ ಅದರಲ್ಲಿ ಸ್ವಲ್ಪವೇ ಸಾಕು. ಸಂಜೆಯ ಹಾಲನ್ನು ಬೆಳಗಿನದಕ್ಕೆ ಸೇರಿಸುವ ಮುನ್ನ ಎರಡನ್ನೂ ಸೌಟಿನಲ್ಲಿ ಒಂದಿಷ್ಟು ಕುದಿಸಿ ನೋಡಿದರೆ ಎರಡು ನಿಮಿಷದ ಕೆಲಸ, ಎರಡು ಲೀಟರ್ ಉಳಿತಾಯ. ಬೆಚ್ಚಗಿನ ಹಾಲನ್ನು ತಣ್ಣಗಿನದಕ್ಕೆ ಎಂದೂ ಸುರಿಯಬೇಡಿ.

8. ಉಕ್ಕಿದ್ದೇ ಕುದಿದದ್ದಲ್ಲ.
ಕೆನೆಯ ಕೆಳಗೆ ಆವಿ ಸಿಕ್ಕಿಕೊಂಡು ಹಾಲು ಬೇಗನೆ ಉಕ್ಕುತ್ತದೆ. ಉರಿ ಸಣ್ಣ ಮಾಡಿ, ಕಲಕುತ್ತ ಎರಡು ಮೂರು ನಿಮಿಷ ಕುದಿಸಿ. ಆಮೇಲೆ ಪಾತ್ರೆಯನ್ನು ನೀರಿನಲ್ಲಿಟ್ಟು ಬೇಗ ಆರಿಸಿ. ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಸಾಯದೆ ಉಳಿದ ಬೀಜಕಗಳು ಮೊಳೆಯುತ್ತವೆ. ಕಾಸಿದ ಹಾಲು ಹುಳಿಯಾಗದೆಯೇ ಒಡೆಯುವುದು, ಕಹಿಯಾಗುವುದು ಇದರಿಂದಲೇ. ಫ್ರಿಜ್ಜಿಲ್ಲದ ಮನೆಯಲ್ಲಿ ಬೇಸಿಗೆಯಲ್ಲಿ ನಾಲ್ಕೈದು ಗಂಟೆಗೊಮ್ಮೆ ಮತ್ತೆ ಕುದಿಸಿ. ಎಂಜಲು ಚಮಚ, ಕೈ ತಾಗಿದ ಲೋಟ ಪಾತ್ರೆಯೊಳಗೆ ಹೋಗದಿರಲಿ.

ಹಿಂದಿನವರು ಕುಳ್ಳಿನ ಬೂದಿಗೆಂಡದ ಮೇಲೆ ಹಾಲಿನ ಗಡಿಗೆಯನ್ನು ದಿನವಿಡೀ ಇಡುತ್ತಿದ್ದರು, ಹಾಲು ಕೆಂಪಗೆ ಕೆನೆಗಟ್ಟುತ್ತಿತ್ತು. 60 ಡಿಗ್ರಿಗಿಂತ ಮೇಲೆ ಈ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಅಜ್ಜಿಯರ ಆ ಸಣ್ಣ ಉರಿಯಲ್ಲಿ ದೊಡ್ಡ ತಿಳಿವಳಿಕೆಯಿತ್ತು ಎಂದು ನಾನು ಗೌರವದಿಂದ ನಂಬುತ್ತೇನೆ.

9. ಚಿಟಿಕೆ ಸೋಡಾವೂ ಬೇಡ.
ಸೋಡಾ ಹಾಕಿದರೆ ಹುಳಿ ತಗ್ಗಿ ಹಾಲು ಒಡೆಯುವುದಿಲ್ಲ, ನಿಜ. ಆದರೆ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಒಳಗೇ ಇರುತ್ತದೆ. ಕೆಟ್ಟದ್ದೆಂದು ಹಾಲು ಕೊಡುತ್ತಿದ್ದ ಸೂಚನೆಯನ್ನು ನಾವೇ ಅಳಿಸಿದಂತಾಗುತ್ತದೆ. ಫಾರ್ಮಲಿನ್, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವುದಂತೂ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಅಪರಾಧ. ಹಾಲು ಕುಡಿಯುವವರಲ್ಲಿ ಬಾಣಂತಿಯರು, ರೋಗಿಗಳು, ಎಳೆಯ ಮಕ್ಕಳಿದ್ದಾರೆ. ಈ ಒಂದು ಸೂತ್ರದಲ್ಲಿ ರಿಯಾಯಿತಿ ಇಲ್ಲ.

10. ಪ್ಯಾಕೆಟ್ ಹಾಲೂ ಬಿಸಿಲಿಗೆ ಸೋಲುತ್ತದೆ.
ನಂದಿನಿ ಪ್ಯಾಕೆಟ್ ಹಾಲು ಪಾಶ್ಚರೀಕರಣವಾಗಿ ಬಂದದ್ದು. ಅಂದರೆ 72 ಡಿಗ್ರಿಯಲ್ಲಿ 15 ಸೆಕೆಂಡಿನಷ್ಟು ಕಾಸಿ ತಣ್ಣಗೆ ಮಾಡುತ್ತಾರೆ. ರೋಗಾಣುಗಳು ಸಾಯುತ್ತವೆ, ಎಲ್ಲ ಬ್ಯಾಕ್ಟೀರಿಯಾ ಅಲ್ಲ. ಅಂಗಡಿಯ ಮುಂದೆ ಬಿಸಿಲಲ್ಲಿ ಕ್ರೇಟಿನಲ್ಲಿದ್ದ ಪ್ಯಾಕೆಟ್ ಕೊಳ್ಳಬೇಡಿ, ಮುಟ್ಟಿ ನೋಡಿ ತಣ್ಣಗಿದ್ದರಷ್ಟೇ ತನ್ನಿ. ಫ್ರಿಜ್ಜಿನಲ್ಲಿ ಹಾಲನ್ನು ಬಾಗಿಲಿನ ಹಲಗೆಯಲ್ಲಲ್ಲ, ಒಳಗೆ ಹಿಂಬದಿಗೆ ಇಡಿ. ಕರೆಂಟು ಹೋದಾಗ ಬಾಗಿಲು ತೆರೆಯಬೇಡಿ. ವಾರಗಟ್ಟಲೆ ಊರಿನಲ್ಲಿ ಇರದವರಿಗೆ ಟೆಟ್ರಾ ಪ್ಯಾಕ್ ಅನುಕೂಲ. ಸುಮಾರು 135 ಡಿಗ್ರಿಗೆ ಕೆಲವೇ ಸೆಕೆಂಡು ಕಾಸಿದ ಆ ಹಾಲು ಕತ್ತರಿಸುವವರೆಗೆ ಫ್ರಿಜ್ಜಿಲ್ಲದೆಯೂ ಇರುತ್ತದೆ. ಕತ್ತರಿಸಿದ ಮೇಲೆ ಅದೂ ಎಲ್ಲ ಹಾಲಿನಂತೆಯೇ.

11. ಉಳಿಯದ ಹಾಲಿಗೆ ಬೇರೆ ರೂಪ ಕೊಡಿ.
ಬ್ಯಾಕ್ಟೀರಿಯಾಕ್ಕೆ ನೀರು ಬೇಕು. ನೀರು ತೆಗೆದಷ್ಟೂ ಹಾಲಿನ ಬಾಳಿಕೆ ಹೆಚ್ಚು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಶಾಲೆಗಳಿಗೆ ಹಾಲಿನ ಪುಡಿ ಕಳಿಸುವುದರಿಂದಲೇ ದೂರದ ಊರಿನ ಮಕ್ಕಳಿಗೂ ಕೆಡದ ಹಾಲು ಸಿಗುತ್ತದೆ. ಧಾರವಾಡದ ಪೇಢೆ, ಬೆಳಗಾವಿಯ ಕುಂದಾ ನಾಲ್ಕು ದಿನ ನಿಲ್ಲುವುದರ ಹಿಂದೆ ಇದೇ ಲೆಕ್ಕವಿದೆ. ಸಂಜೆಯ ಹಾಲು ಮಿಕ್ಕರೆ, ಅದು ಹುಳಿಗೆ ತಿರುಗುವವರೆಗೆ ಕಾಯದೆ ಕಾಸಿ, ಆರಿಸಿ, ಒಳ್ಳೆಯ ಮೊಸರಿನಿಂದ ಹೆಪ್ಪು ಹಾಕಿಬಿಡಿ. ಮೇ ತಿಂಗಳಲ್ಲಿ ಹೆಪ್ಪು ಅರ್ಧ ಚಮಚ ಸಾಕು, ಹೆಚ್ಚಾದರೆ ಬೆಳಗಾಗುವಷ್ಟರಲ್ಲಿ ಮೊಸರು ಹುಳಿಯಾಗಿರುತ್ತದೆ. ಕೆನೆ ಕೂಡಿಟ್ಟು ಕಡೆದರೆ ಬೆಣ್ಣೆ, ಕಾಸಿದರೆ ತುಪ್ಪ. ತುಪ್ಪದಲ್ಲಿ ನೀರಿನ ಪಸೆ ಇರದಂತೆ ಚೊರಚೊರ ಸದ್ದು ನಿಲ್ಲುವವರೆಗೆ ಕಾಸಿ, ಒಣಗಿದ ಡಬ್ಬಿಗೆ ಸೋಸಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ.