ಬೆಳೆ ಕಾಯುವ ಹಳೆಯ ಕೋವಿ: ಬಿರುಕು ಪರೀಕ್ಷಿಸುವ ಕ್ರಮ

ಮಲೆನಾಡು ಮತ್ತು ಕೊಡಗಿನ ಅನೇಕ ರೈತರು ತೋಟ ಗದ್ದೆಗಳಿಗೆ ನುಗ್ಗುವ ಹಂದಿ, ಕೋತಿಗಳನ್ನು ಬೆದರಿಸಲು ಕೋವಿ ಇಟ್ಟುಕೊಂಡಿರುವರು. ಇವುಗಳಲ್ಲಿ ಹಲವು ಅಜ್ಜನ ಕಾಲದವು. ಕೆಲವು ಇತರರಿಂದ ಕೊಂಡವು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಕೋವಿಯನ್ನು ಒರೆಸಿ ಈಡು ಹಾರಿಸುವುದು ಅಪಾಯಕರ. ನಳಿಗೆ ಸಿಡಿದರೆ ಅದರ ಕೆಳಗೆ ಹಿಡಿದಿರುವ ಕೈಬೆರಳುಗಳಿಗೂ ಕಣ್ಣಿಗೂ ಮೊದಲ ಪೆಟ್ಟು.

ಲೋಹವೂ ದಣಿಯುತ್ತದೆ

ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯದು. ಹಿಂದೆ ಮುಂದೆ ಹತ್ತಾರು ಸಲ ಬಗ್ಗಿಸಿದರೆ ತುಂಡಾಗುತ್ತದೆ. ಇದೇ ಲೋಹದ ದಣಿವು. 12 ಬೋರಿನ ತೋಟಾ ಸಿಡಿದಾಗ ನಳಿಗೆಯ ಬುಡದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 700 ಕಿಲೋಗ್ರಾಂವರೆಗೆ ಒತ್ತಡ ಬೀಳಬಹುದು. ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿರುವುದು ಸುಮಾರು 1 ಕಿಲೋಗ್ರಾಂ ಮಾತ್ರ. ಪ್ರತಿ ಈಡಿಗೂ ಈ ಒತ್ತಡ ಬಂದು ಹೋಗುತ್ತದೆ. ತುಕ್ಕಿನ ಗುಳಿ, ಗೀರು ಅಥವಾ ಚೂಪಾದ ಮೂಲೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟಿ ನಿಧಾನವಾಗಿ ಬೆಳೆಯುತ್ತದೆ. ಕೊನೆಗೊಂದು ದಿನ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ‘ನಿನ್ನೆಯವರೆಗೂ ಚೆನ್ನಾಗಿಯೇ ಹಾರುತ್ತಿತ್ತು’ ಎಂಬ ಮಾತು ಆಧಾರವಾಗದು.

ಪರೀಕ್ಷೆಗೆ ಮುನ್ನ

ಕೋವಿ ಬರಿದಾಗಿದೆಯೇ ನೋಡಿ. ತೋಟಾ ಕೋವಿಯಾದರೆ ತೆರೆದು ಎರಡೂ ನಳಿಗೆಗಳನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ. ಕೇಪಿನ ಕೋವಿಯಾದರೆ ಮೊದಲು ಕೇಪು ತೆಗೆಯಿರಿ. ಮೂತಿಯನ್ನು ಮುಖಕ್ಕೆ ತಿರುಗಿಸದೆ ಗಜದ ಕೋಲನ್ನು ಮೆಲ್ಲನೆ ಒಳಗೆ ಬಿಟ್ಟು, ಮೂತಿಯ ಬಳಿ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ ಅಳೆಯಿರಿ. ಕೋಲು ಬುಡ ಮುಟ್ಟದಿದ್ದರೆ ಒಳಗೆ ಹಳೆಯ ಮದ್ದು ಇರಬಹುದು. ಅದನ್ನು ಕೆದಕದೆ ಪರವಾನಗಿ ಪಡೆದ ಕೋವಿ ರಿಪೇರಿಗಾರರಿಗೆ ತಿಳಿಸಿ.

ಪರೀಕ್ಷಿಸುವ ಕ್ರಮ

1. ಸ್ವಚ್ಛತೆ: ಜಿಡ್ಡು, ತುಕ್ಕು ತೆಗೆಯಿರಿ. ಹೊಸ ಬಣ್ಣ ಬಳಿದ ಹಳೆಯ ಕೋವಿಯನ್ನು ಕೊಳ್ಳುವಾಗ ಇಮ್ಮಡಿ ಎಚ್ಚರ ಬೇಕು. ಬಣ್ಣ ಬಿರುಕನ್ನು ಮುಚ್ಚುತ್ತದೆ.

2. ನಳಿಗೆ: ನಳಿಗೆಯನ್ನು ಕೋವಿಯಿಂದ ಬಿಡಿಸಿ, ಬೆಳಕಿಗೆ ಹಿಡಿದು ಒಳಗೆ ನೋಡಿ. ಬಳೆಯಂತೆ ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿರುವ ಸಂಭವ ಹೆಚ್ಚು. ಕೆಸರು ಅಥವಾ ಕಣಜದ ಮಣ್ಣುಗೂಡು ಮೂತಿಯಲ್ಲಿ ಇದ್ದಂತೆಯೇ ಹಾರಿಸಿದರೆ ಹೀಗಾಗುತ್ತದೆ. ಹೊರಗೆ ಬೆರಳು ಎಳೆದರೂ ಉಬ್ಬು ತಿಳಿಯುತ್ತದೆ.

3. ಮೂಲೆಗಳು: ತೋಟಾ ಕೂರುವ ಬುಡ, ತೋಟಾ ಹೊರದೂಡುವ ಭಾಗಕ್ಕೆ ಕೊರೆದ ಕಚ್ಚು, ಸೂಜಿಯ ರಂಧ್ರದ ಸುತ್ತ, ಹಿಂಭಾಗದ ನೆಟ್ಟನೆಯ ಗೋಡೆಯೂ ತಳದ ಸಮತಟ್ಟೂ ಕೂಡುವ ಮೂಲೆ, ಕೇಪಿನ ಕೋವಿಯಲ್ಲಿ ಕೇಪಿನ ಮೊಳೆಯ ಬುಡ, ಇವನ್ನು ಭೂತಗನ್ನಡಿಯಿಂದ ನೋಡಿ. ಮರದ ಹಿಡಿಯ ಸಣ್ಣ ಕುತ್ತಿಗೆಯನ್ನೂ ಬಿಡಬೇಡಿ.

4. ಸುಣ್ಣದ ಪುಡಿಯ ಪರೀಕ್ಷೆ: ಹಿಂದೆ ರೈಲ್ವೆ ಕಾರ್ಯಾಗಾರಗಳಲ್ಲಿ ಅಚ್ಚುಗಳ ಬಿರುಕನ್ನು ಎಣ್ಣೆ ಮತ್ತು ಬಿಳಿ ಪುಡಿಯಿಂದ ಪತ್ತೆಮಾಡುತ್ತಿದ್ದರು. ಬೆಂಕಿಯಿಂದ ದೂರ ಕುಳಿತು ನಳಿಗೆಗೆ ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ಒಂದು ಗಂಟೆ ಬಿಡಿ. ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ನುಣ್ಣನೆಯ ಸೀಮೆಸುಣ್ಣದ ಪುಡಿ ಸವರಿ. ಬಿರುಕಿನಲ್ಲಿ ಇಳಿದ ಎಣ್ಣೆ ಹೊರಬಂದು ಪುಡಿಯ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ. ಮೇಲ್ಮೈಗೆ ಬಾಯ್ತೆರೆಯದ ಬಿರುಕು ಇದರಿಂದ ಕಾಣದು.

5. ದನಿ: ಗಡಿಗೆ ಕೊಳ್ಳುವಾಗ ತಟ್ಟಿ ನೋಡುವುದಿಲ್ಲವೇ? ಜೋಡು ನಳಿಗೆಯನ್ನು ದಾರದಲ್ಲಿ ತೂಗುಹಾಕಿ ಮರದ ತುಂಡಿನಿಂದ ಮೆಲ್ಲನೆ ತಟ್ಟಿ. ಗಂಟೆಯಂತೆ ದನಿ ಬಂದರೆ ಒಳ್ಳೆಯದು. ಒಡಕು ದನಿ ಬಂದರೆ ಬೆಸುಗೆ ಸಡಿಲವಾಗಿರಬಹುದು.

ತೋಟಾ ಆರಿಸುವಾಗ

ಹಳೆಯ ಕೆಲವು ನಳಿಗೆಗಳ ಮೇಲೆ ಅಲೆಯಲೆಯ ಚಿತ್ತಾರವಿರುತ್ತದೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ಇವುಗಳಲ್ಲಿ ಹೆಚ್ಚಿನವು ಕರಿಮದ್ದಿಗೆಂದು ಆದವು. ಇವುಗಳಲ್ಲಿ ಈಗಿನ ಹೊಗೆರಹಿತ ಮದ್ದಿನ ತೋಟಾ ಬಳಸಬೇಡಿ. 65 ಮಿ.ಮೀ. ತೋಟಾ ಕೋಣೆಯ ಕೋವಿಗೆ 70 ಮಿ.ಮೀ. ತೋಟಾ ಹೊಕ್ಕರೂ ಹಾರಿಸಬಾರದು. ತೋಟಾದ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ.

ದೋಷ ಕಂಡರೆ

ಬಿರುಕು ಅಥವಾ ಉಬ್ಬಿರುವ ಕೋವಿಯಿಂದ ‘ಒಂದೇ ಒಂದು ಈಡು’ ಕೂಡ ಬೇಡ. ಊರ ಕುಲುಮೆಯಲ್ಲಿ ಬೆಸುಗೆ ಹಾಕಿಸಕೂಡದು. ಆ ಬಿಸಿಗೆ ಉಕ್ಕಿನ ಹದ ಕೆಟ್ಟು ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ರಿಪೇರಿಗೆ ಪರವಾನಗಿ ಉಳ್ಳವರಲ್ಲಿಗೇ ಒಯ್ಯಿರಿ. ದುರಸ್ತಿಗೆ ಬಾರದ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀತಿ ಪಡೆಯಿರಿ. ಇತರರಿಂದ ಕೋವಿ ಕೊಳ್ಳುವುದಾದರೆ, 1959ರ ಆಯುಧ ಕಾಯಿದೆಯಂತೆ ಮಾರುವವರು ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತ ತಿಳಿವಳಿಕೆ ಕೊಟ್ಟು 45 ದಿನ ಕಳೆದಿರಬೇಕು. ಈ ಅವಧಿಯಲ್ಲೇ ಕೋವಿಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಕೊಡಗಿನಲ್ಲಿ ಕೈಲ್ ಪೊಳ್ದ್‌ನಂದು, ಇತರೆಡೆ ಆಯುಧಪೂಜೆಯಂದು ಕೋವಿಯನ್ನು ತೊಳೆದು ಪೂಜಿಸುವ ವಾಡಿಕೆಯಿದೆ. ಹೂವೇರಿಸುವ ಮುನ್ನ ಪ್ರತಿ ವರ್ಷ ಈ ಪರೀಕ್ಷೆಯನ್ನು ಮಾಡಿರಿ. ಒಂದು ಫಸಲು ಹೋದರೆ ಮತ್ತೊಂದು ಬಂದೀತು. ಹೋದ ಕೈಬೆರಳು ಮರಳಿ ಬಾರದು.